ಅರ್ಧ ಕಂಬದಿಂದ ಮೇಲಕ್ಕೆ

ದಾಕ್ಷಾಯಣಕ್ಕಾ,

ವಾರದ ಬರವಣಿಗೆ ತಂದಿದ್ದೀಯಾ ಅಂತ ಕೇಳಲು ನೀವಿಲ್ಲದ ಮೇಲೆ ನನಗೆ ಬರೆಯುವ ಮನಸ್ಸು ಬಂದಿದೆ, ನೋಡಿ ನನ್ನ ಬುದ್ಧಿ. ನೀವಿದ್ದಾಗ ವಾರಕ್ಕೊಂದು ನೆಪ ಹೇಳುತ್ತಿದ್ದೆ. ಕರೆಂಟಿರಲಿಲ್ಲ ಅಂದಾಗ, "ಲೈನ್‌ಮನ್ನೇ ಹಿಂಗಂದ್ರೆ ನಾವೆಲ್ಲ ಎಲ್ಲಿಗೆ ಹೋಗೋದು ಮಾರಾಯ?" ಅಂತ ನಕ್ಕಿದ್ದಿರಿ. ನೀವು ಹೋಗಿ ಎರಡು ತಿಂಗಳಾಯಿತು. ಈ ಕಾಗದವನ್ನು ಯಾವ ಡಬ್ಬಿಗೆ ಹಾಕಬೇಕೋ ಗೊತ್ತಿಲ್ಲ. ಆದರೂ ಬರೆಯುತ್ತೇನೆ.

ನಿಮ್ಮ ಮನೆಗೆ ಮೊದಲ ಸಲ ಬಂದ ದಿನ ನನಗೆ ಮೈಯೆಲ್ಲ ಸಿಟ್ಟು. ಅದಕ್ಕೆ ಕೆಲವು ತಿಂಗಳ ಮೊದಲು ಶೆಟ್ಟಿಕೊಪ್ಪದ ಹತ್ತಿರ ಕಂಬದ ಅರ್ಧದಲ್ಲಿ ನನಗೆ ದಮ್ಮು ಹಿಡಿದಾಗ, ಕೆಳಗಿದ್ದ ಜೊತೆಯ ಲೈನ್‌ಮನ್ ನಾಗೇಶ ಯಾವ ಕಾಲು ಎಲ್ಲಿಡಬೇಕು ಅಂತ ಕೂಗಿ ಹೇಳಿ ನನ್ನನ್ನು ಇಳಿಸಿಕೊಂಡಿದ್ದ. ಆಮೇಲೆ ನಾಲ್ಕು ತಿಂಗಳು ನಾನು ಕಂಬ ಮುಟ್ಟಲಿಲ್ಲ. ನನ್ನ ಪಾಲಿನದನ್ನೂ ಅವನೇ ಹತ್ತುತ್ತಿದ್ದ. ಕೊಪ್ಪದ ಡಾಕ್ಟರು ಎದೆ ಪರೀಕ್ಷೆ ಮಾಡಿ, ಔಷಧಿ ಸರಿಯಾಗಿ ತಗೊಂಡರೆ ಹತ್ತಲು ಅಡ್ಡಿಯಿಲ್ಲ, ಈಗ ತಡೆಯುತ್ತಿರುವುದು ಹೆದರಿಕೆ ಅಂದರು. ಬಾಳಗಡಿಯಲ್ಲಿ ಮೆಡಿಕಲ್ ಶಾಪಿನ ಮೇಲಿನ ಮನೆ, ಮಾನಸಿಕ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ರಿಟೈರ್ ಆದವರು ಅಂತ ನಿಮ್ಮ ಹೆಸರು ಬರೆದುಕೊಟ್ಟರು. "ನಂಗೆ ಮಂಡೆ ಸಮ ಇಲ್ಲ ಅಂತಲಾ?" ಅಂತ ನಿಮ್ಮ ಬಾಗಿಲಲ್ಲೇ ನಿಂತು ಕೇಳಿದೆ. ನೀವು ಕುರ್ಚಿ ಎಳೆದು ಹಾಕಿ, "ದಮ್ಮೂ ನಿಜ, ಹೆದರಿಕೆನೂ ನಿಜ. ಎರಡನ್ನೂ ಗಂಟು ಹಾಕ್ಕೊಂಡು ಕೂತಿದೀಯಲ್ಲ, ಅದನ್ನ ಬಿಡಿಸಣ ಬಾ" ಅಂದಿರಿ. ಮನಸ್ಸಿಗೆ ಬಂದ ಮಾತನ್ನು ಬರೆದಿಡುವುದು, ಅದು ಎಷ್ಟು ಸರಿ ಅಂತ ಪರೀಕ್ಷೆ ಮಾಡುವುದು, ಆಮೇಲೆ ಬೇರೆ ಥರ ನಡೆದುಕೊಂಡು ನೋಡುವುದು, ಇದಕ್ಕೆ ಸಿಬಿಟಿ ಅಂತಾರೆ ಅಂದಿರಿ. ಕಾಯಿಲೆ ಹೋಗುತ್ತದಾ ಅಂತ ಕೇಳಿದೆ. "ಇಲ್ಲ ಮಾರಾಯ. ಅದು ಇದ್ದಾಗಲೂ ಕೆಲ್ಸ ಮಾಡ್ಕೊಂಡು ಇರೋದು ಬರುತ್ತೆ." ಅವತ್ತು ನನಗೆ ಅದು ಭಾರಿ ಕಡಿಮೆ ಅನ್ನಿಸಿತ್ತು.

ದಮ್ಮಿನ ಪಂಪಿನ, ಅದೇ ಇನ್‌ಹೇಲರಿನ ವಿಷಯಕ್ಕೆ ಬೈದದ್ದು ನೆನಪಿದೆಯಾ? ಚೀಲದಲ್ಲಿ ಕಟಿಂಗ್ ಪ್ಲೇಯರಿನ ಕೆಳಗೆ ಅದನ್ನು ಬಟ್ಟೆ ಸುತ್ತಿ ಇಡುತ್ತಿದ್ದೆ. ಪಂಪ್ ಹಿಡಿದರೆ ಮುಗೀತು, ಅದು ಕೊನೇ ಔಷಧಿ ಅಂತ ನಮ್ಮಮ್ಮನ ನಂಬಿಕೆ. ಜೊತೆಯವರು ನೋಡಿದರೆ ಇವನು ಕಂಬಕ್ಕೆ ಆಗುವವನಲ್ಲ ಅನ್ನುತ್ತಾರೆ ಅಂತ ನನ್ನ ನಂಬಿಕೆ. ದಿನಾ ತಗೊಳ್ಳಬೇಕಾದ ಪಂಪನ್ನು ಬಿಟ್ಟೇಬಿಟ್ಟಿದ್ದೆ. ಉಸಿರು ಕಟ್ಟಿದಾಗಿನ ಪಂಪನ್ನು ಮಾತ್ರ ಮರೆಗೆ ಹೋಗಿ ಎಳೆದುಕೊಂಡು ಬರುತ್ತಿದ್ದೆ. ನೀವು ನನ್ನೆದುರೇ ಇನ್ಸುಲಿನ್ ಚುಚ್ಚಿಕೊಂಡು, "ನಂಗೆ ಇದು ಹದಿನಾಲ್ಕನೇ ವರ್ಷ. ಕೊನೇದು ಯಾವಾಗ ಅಂತ ನಿಮ್ಮಮ್ಮನ್ನ ಕೇಳ್ಕೊಂಡು ಬಾ" ಅಂತ ಹೇಳಿ ರೊಟ್ಟಿ ತಿನ್ನಲು ಕೂತಿರಿ.

ಇನ್ನೊಂದು ದಿನ ನನ್ನ ಕೆಲಸದ ಬಗ್ಗೆಯೇ ಕೇಳಿದಿರಿ. ಲೈನ್ ಆಫ್ ಆಗಿದೆ ಅಂತ ಯಾರಾದರೂ ಹೇಳಿದರೆ ಹತ್ತಿಬಿಡುತ್ತೀಯಾ? ಇಲ್ಲಕ್ಕ, ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಕರೆಂಟ್ ತೆಗೆಸಿ ಲೈನ್ ಕ್ಲಿಯರ್ ತಗೊಳ್ಳಬೇಕು, ಮೇಲೆ ಕೈ ಹಾಕುವ ಮೊದಲು ಅರ್ಥಿಂಗ್ ರಾಡಿನ ಕೊಕ್ಕೆ ತಂತಿಗೆ ಹಾಕಿ ನೋಡಬೇಕು, ಬಾಯಿಮಾತು ನಂಬಿದವರು ಉಳಿದಿಲ್ಲ ಅಂದೆ. ನೀವು ನನ್ನ ವಾರದ ಬರವಣಿಗೆಯ ಪುಸ್ತಕ ನನ್ನ ಮುಂದೆ ತಳ್ಳಿದಿರಿ. ಅದರಲ್ಲಿ ನಾನೇ ಬರೆದಿದ್ದೆ: ಕಂಬ ಹತ್ತಿದರೆ ಉಸಿರು ನಿಂತು ಸಾಯುತ್ತೇನೆ. "ಇದನ್ನ ಯಾರು ಹೇಳಿದ್ದು?" ನನ್ನ ಮನಸ್ಸು ಅಂದೆ. "ಅದ್ರ ಬಾಯಿಮಾತು ಮಾತ್ರ ಚೆಕ್ ಮಾಡದೆ ನಂಬ್ತೀಯಲ್ಲ, ಯಾಕೆ?" ಬಸ್ಸಿನಲ್ಲಿ ಮನೆಗೆ ಹೋಗುವವರೆಗೂ ಅದೇ ತಲೆಯಲ್ಲಿತ್ತು.

ಅಲ್ಲಿಂದ ಶುರುವಾಯಿತು ನಿಮ್ಮ ಕಾಟ. ಏದುಸಿರು ಬರುವವರೆಗೆ ನಿಮ್ಮ ಮೆಟ್ಟಿಲು ಹತ್ತಿಸಿ ಇಳಿಸಿದಿರಿ. ಕೂತು ನೋಡು, ಎದೆಯಲ್ಲಿ ಸುಂಯ್ ಅನ್ನುತ್ತಾ, ಒಂದು ವಾಕ್ಯ ಪೂರ್ತಿ ಹೇಳಕ್ಕೆ ಆಗುತ್ತಾ, ಎಷ್ಟು ಹೊತ್ತಿಗೆ ತಣ್ಣಗಾಯಿತು ಬರೆ ಅಂದಿರಿ. ಮೂರು ನಿಮಿಷಕ್ಕೆ ಸರಿಹೋಗುವ ಏದುಸಿರನ್ನೂ ನಾನು ದಮ್ಮು ಅಂತಲೇ ತಿಳಿದಿದ್ದೆನಲ್ಲ! ಆಮೇಲೆ ಆಫೀಸಿನ ಅಂಗಳದ ತಂತಿಯಿಲ್ಲದ ಕಂಬ. ಒಂದು ವಾರ ಕಾಲು ಭಾಗ, ಇನ್ನೊಂದು ವಾರ ಅರ್ಧ. ಅರ್ಧಕ್ಕೆ ಸಿಕ್ಕಿಕೊಂಡೆ. ಮೂರು ವಾರ ಅಲ್ಲಿಂದಲೇ ಇಳಿದು, ಕೊನೆಗೆ ನಿಮ್ಮ ಮೇಲೆ ಕೂಗಾಡಿದೆ. ನೀವು ಹತ್ತಿ ನೋಡಿ, ಆಮೇಲೆ ಹೇಳಿ ಅಂದೆ. ಮತ್ತೆ ನಿಮ್ಮ ಕಡೆ ಬರಲಿಲ್ಲ. ಹದಿನೈದು ದಿನಕ್ಕೆ ಆಫೀಸಿಗೆ ಫೋನ್ ಬಂತು, ಬಾಳಗಡಿಯ ಮನೆಯೊಂದಕ್ಕೆ ಕರೆಂಟಿಲ್ಲ, ಸುರೇಶನನ್ನೇ ಕಳಿಸಬೇಕಂತೆ ಅಂತ. ಓಡಿ ಬಂದರೆ ನಿಮ್ಮ ಮನೆ. ಫ್ಯಾನ್ ತಿರುಗುತ್ತಿದೆ, ಮಿಕ್ಸಿ ಓಡುತ್ತಿದೆ! "ಬಂದ್ಯಲ್ಲ, ಕೂರು. ಬೈದು ಮುಗಿದಿದ್ರೆ ಕಾಫಿ ಕುಡಿ" ಅಂದಿರಿ. ಸುಳ್ಳು ದೂರು ಕೊಟ್ಟದ್ದಕ್ಕೆ ನಿಮ್ಮ ಮೇಲೆ ಕೇಸ್ ಹಾಕಬೇಕಿತ್ತು ನಾನು.

ಕೆರೆಕಟ್ಟೆಗೆ ವರ್ಗದ ಆರ್ಡರ್ ನನ್ನ ಕೈಗೆ ಬಂದ ವಾರವೇ ನೀವು ಹೋಗಿಬಿಟ್ಟಿರಿ. ಹೃದಯ ಅಂದರು. ಅಕ್ಕ, ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಅಂಗಳದ ಕಂಬದಲ್ಲಿ ನಾನಿನ್ನೂ ಅರ್ಧ ದಾಟಿರಲಿಲ್ಲ. ಅರ್ಧ ಕಂಬದಲ್ಲಿ ಬಿಟ್ಟು ಹೋಗುವುದಾ? ಕಂಬ ಹತ್ತಲು ಆಗುವುದಿಲ್ಲ, ಆಫೀಸಿನಲ್ಲೇ ಕೂರುವ ಕೆಲಸ ಕೊಡಿ ಅಂತ ಅವತ್ತೇ ಅರ್ಜಿ ಬರೆದು ಜೇಬಿನಲ್ಲಿಟ್ಟುಕೊಂಡೆ. ಹದಿಮೂರು ವರ್ಷ ಮಾಡಿದ ಕೆಲಸ ಅದು. ಬೇರೆ ಯಾವುದೂ ನನಗೆ ಬರುವುದಿಲ್ಲ, ಬೇಕಾಗಿಯೂ ಇಲ್ಲ. ಆ ಕಾಗದವನ್ನೇ ಇಟ್ಟುಕೊಂಡು ನಿಮ್ಮನ್ನು ಮಣ್ಣು ಮಾಡುವಲ್ಲಿಗೆ ನಿಮ್ಮ ಊರು ನರಸಿಂಹರಾಜಪುರಕ್ಕೆ ಬಂದೆ.

ನಿಮ್ಮನ್ನು ಕೂರಿಸಿ, ವಿಭೂತಿ ಇಟ್ಟು, ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುವಾಗ ನನಗೆ ಉಸಿರು ಹಿಡಿಯಿತು. ಪರೀಕ್ಷೆ ಮಾಡಿಕೊಂಡೆ. ಅಳು ಇತ್ತು, ಆದರೆ ಸುಂಯ್ ಅನ್ನುವ ಸದ್ದೂ ಇತ್ತು. ಮರೆಗೆ ಹೋಗಲು ಅಲ್ಲಿ ಒಂದು ಮರವಿತ್ತು. ಹೋಗಲಿಲ್ಲ. ಅಷ್ಟು ಜನರ ನಡುವೆ ಪಂಪ್ ತೆಗೆದು ಎಳೆದುಕೊಂಡೆ. ಏನಾಯಿತು ಗೊತ್ತಾ? ಯಾರೂ ಏನೂ ಅನ್ನಲಿಲ್ಲ. ಪಕ್ಕದಲ್ಲಿದ್ದ ಅಜ್ಜಯ್ಯ ಒಬ್ಬರು ಮೆಲ್ಲಗೆ, "ಅದು ಎಲ್ಲಿ ಸಿಕ್ತದೆ? ನಂಗೂ ಬರೆಸ್ಕೊಳ್ಳದಿತ್ತು" ಅಂದರು. ಅಷ್ಟು ವರ್ಷ ಬಚ್ಚಿಟ್ಟದ್ದು ಇದಕ್ಕಾ ಅಂತ ನಾಚಿಕೆಯಾಯಿತು. ವಾಪಸ್ ಬರುತ್ತಾ ಬಸ್ಸಿನಲ್ಲೇ ತೀರ್ಮಾನ ಮಾಡಿದೆ. ಅರ್ಜಿ ಕೊಡಲಿಲ್ಲ.

ಹೋದ ಶುಕ್ರವಾರ ಕೆರೆಕಟ್ಟೆಯಲ್ಲಿ ಗಾಳಿಗೆ ಮರ ಬಿದ್ದು ಲೈನ್ ಹೋಯಿತು. ಅಲ್ಲಿ ನನ್ನ ಜೊತೆ ಇರುವವನು ಪುಟ್ಟಪ್ಪ. ನನ್ನ ಕಾಯಿಲೆ ವಿಷಯ ಮೊದಲ ದಿನವೇ ಹೇಳಿದ್ದೆ, ಪಂಪ್ ಎಲ್ಲಿದೆ ಅಂತಲೂ ತೋರಿಸಿದ್ದೆ. ಈ ಸಲ ನಾನು ಹತ್ತುತ್ತೇನೆ ಅಂದೆ. ಅವನು ನನ್ನ ಮುಖ ನೋಡಿ, "ಹತ್ತಿ ಮಾರಾಯ್ರೆ, ನಾ ಇಲ್ಲೇ ಇರ್ತೀನಿ" ಅಂದ. ಅರ್ಧದಲ್ಲಿ ಬಂತು ನೋಡಿ ಅದೇ ಮಾತು: ಇಲ್ಲಿಂದ ಆಸ್ಪತ್ರೆ ದೂರ, ಬಸ್ಸೂ ಇಲ್ಲ, ಈಗ ಉಸಿರು ನಿಲ್ಲುತ್ತದೆ. ಬೆಲ್ಟಿಗೆ ಆತುಕೊಂಡು ನಿಂತೆ. ಬೆಳಿಗ್ಗೆ ಪಂಪ್ ತಗೊಂಡಿದ್ದೇನಾ? ಹೌದು. ಎದೆಯಲ್ಲಿ ಸದ್ದಿದೆಯಾ? ಇಲ್ಲ. ಪೂರ್ತಿ ವಾಕ್ಯ ಬರುತ್ತಾ? "ಪುಟ್ಟಪ್ಪಾ, ನಂಗೆ ಸಿಕ್ಕಾಪಟ್ಟೆ ಹೆದರಿಕೆ ಆಗ್ತಿದೆ ಮಾರಾಯ" ಅಂತ ಮೇಲಿಂದಲೇ ಕೂಗಿದೆ. ಪೂರ್ತಿ ಬಂತು. ಹೆದರಿಕೆ ಇಟ್ಟುಕೊಂಡೇ ಮೇಲಕ್ಕೆ ಹತ್ತಿದೆ. ಕೆಲಸ ಮುಗಿಸಿಯೇ ಇಳಿದೆ.

ಇಲ್ಲಿಗೆ ನಿಲ್ಲಿಸಿದರೆ ನೀವು ಒಪ್ಪುವುದಿಲ್ಲ, ನಡೆದದ್ದನ್ನೆಲ್ಲ ಬರೆ ಅನ್ನುತ್ತೀರಿ. ಭಾನುವಾರ ನನಗೆ ನಿಜವಾದ ದಮ್ಮೇ ಬಂತು. ಶೃಂಗೇರಿಗೆ ಹೋಗಿ ಡಾಕ್ಟರಿಗೆ ತೋರಿಸಿ, ಅವರು ಹೇಳಿದಂತೆ ಎರಡು ದಿನ ಮಲಗಿದೆ. ಮೊದಲಾಗಿದ್ದರೆ, ನೋಡಿದೆಯಾ, ಹತ್ತಬಾರದಿತ್ತು ಅಂತ ಮನಸ್ಸು ಹೇಳುತ್ತಿತ್ತು. ಈಗಲೂ ಹೇಳಿತು. ಹೇಳಿಕೊಳ್ಳಲಿ. ಇವತ್ತು ಡಾಕ್ಟರು ಎದೆ ನೋಡಿ ಸರಿ ಅಂದರು. ನಾಳೆ ಬೆಳಿಗ್ಗೆ ಎಂಟೂವರೆಗೆ ಡ್ಯೂಟಿ. ಎರಡು ಕಂಬಗಳಿವೆ, ಅಕ್ಕ. ಎರಡನ್ನೂ ನಾನೇ ಹತ್ತುತ್ತೇನೆ.

ನಿಮ್ಮ
ಸುರೇಶ