ಸೂಜಿ ಹಾಕದ ಹಸುವಿನ ಗಿಣ್ಣು

೧೨ ಫೆಬ್ರುವರಿ ೨೦೨೬, ಗುರುವಾರ

ಬೆಳಗಿನಿಂದ ಹಗರೆಯ ಪುಟ್ಟಸ್ವಾಮಿಯವರ ಹಸುವೇ ತಲೆ ತಿನ್ನುತ್ತಿತ್ತು. ನಿನ್ನೆ ಕರು ಹಾಕಿತ್ತು, ಸಂಜೆ ನಾನು ಹೋದಾಗಲೂ ಕರುವಿನ ಹಿಂದೆ ಬೀಳಬೇಕಾದ ಮಾಸು ಬಿದ್ದಿರಲಿಲ್ಲ. ಜ್ವರವಿಲ್ಲ, ಮೇವು ತಿನ್ನುತ್ತಿದೆ, ಆ್ಯಂಟಿಬಯೋಟಿಕ್ ಬೇಡ, ಕಾಯೋಣ ಎಂದಿದ್ದೆ.

"ಸೂಜಿ ಹಾಕ್ದಿದ್ಮೇಲೆ ನೀವ್ಯಾಕ್ ಬಂದ್ರಿ ಡಾಕ್ಟ್ರಮ್ಮ?" ಎಂದು ಪುಟ್ಟಸ್ವಾಮಿ ಮುಖ ತಿರುಗಿಸಿದ್ದರು.

ಸುಮ್ಮಸುಮ್ಮನೆ ಔಷಧ ಚುಚ್ಚಿದರೆ ರೋಗಾಣುಗಳು ಆಮೇಲೆ ಅದಕ್ಕೆ ಬಗ್ಗುವುದಿಲ್ಲ, ಅದಕ್ಕೇ ಆ್ಯಂಟಿಬಯೋಟಿಕ್ ಬಳಕೆ ತಗ್ಗಿಸುವ ಈ ರಾಷ್ಟ್ರೀಯ ಕ್ರಿಯಾಯೋಜನೆ ಎಂದು ಹಾಸನದ ತರಬೇತಿಯಲ್ಲಿ ಹೇಳಿ ಕಳಿಸುತ್ತಾರೆ. ಕೊಟ್ಟಿಗೆಯಲ್ಲಿ ನಿಂತು ಬೈಸಿಕೊಳ್ಳುವವಳು ನಾನು! ನಾನು ಹೊರಟ ಮೇಲೆ ಪುಟ್ಟಸ್ವಾಮಿ ಬೇರೆ ಯಾರನ್ನೋ ಕರೆಸಿ ಚುಚ್ಚಿಸಿರುತ್ತಾರೆ ಎಂದೇ ಅಂದುಕೊಂಡಿದ್ದೆ.

ಇವತ್ತು ಸಂಜೆ ಅವರ ಹೆಂಡತಿ ಬೋರಮ್ಮ ಪಶು ಆಸ್ಪತ್ರೆಗೇ ಬಂದರು. ಕೈಯಲ್ಲಿ ಡಬ್ಬಿ, ಡಬ್ಬಿಯಲ್ಲಿ ಬಿಸಿ ಗಿಣ್ಣು!

"ಮಾಸು ಬೆಳಿಗ್ಗೇನೇ ಬಿತ್ತು ಡಾಕ್ಟ್ರಮ್ಮ."

"ಸೂಜಿ ಹಾಕಿಸಲಿಲ್ವಾ?"

"ಹಾಕ್ಸಿದ್ರೆ ಒಂದಷ್ಟು ದಿನ ಹಾಲು ಬಳಸ್ಬಾರ್ದು ಅಂತ ನಿನ್ನೆ ನೀವೇ ಅಂದಿದ್ರಲ್ಲ. ಕೇರಿಯೋರೆಲ್ಲ ಗಿಣ್ಣಿಗೆ ಕಾಯ್ತಾವ್ರೆ! ನಮ್ಮೆಜಮಾನ್ರು ಯಾರಿಗೋ ಫೋನ್ ಮಾಡಕ್ಕೋದ್ರು. ನಾನು ಫೋನೇ ಕಿತ್ಕೊಂಡೆ."

ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ದೆಹಲಿಯ ಯೋಜನೆಯನ್ನು ಹಗರೆಯಲ್ಲಿ ಉಳಿಸಿದ್ದು ಗಿಣ್ಣಿನ ಆಸೆ. ತರಬೇತಿಯಲ್ಲಿ ಇದನ್ನು ಯಾರೂ ಹೇಳಿರಲಿಲ್ಲ.

ಡಬ್ಬಿಯ ತಳದಲ್ಲಿ ಇನ್ನೊಂದು ತುಂಡು ಉಳಿದಿದೆ. ಬೆಳಿಗ್ಗೆಗೆ ಇರಲಿ ಎಂದು ಮುಚ್ಚಿಟ್ಟೆ. ಆದರೆ ಆ ಏಲಕ್ಕಿಯ ಘಮ ಬರೆಯಲು ಬಿಟ್ಟರೆ ತಾನೇ...