ಎದೆ ಬೆಚ್ಚಗಿದ್ದಾಗ ಹಾಕಿದ ಸಹಿ

ಇಚ್ಚಾಯಾ,

ನೀವು ಓದುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಇವತ್ತು ಪಾಲಾ ಊರಿನ ನಮ್ಮ ಇಗರ್ಜಿಯ ಸಭಾಂಗಣದಲ್ಲಿ ಅಂಗದಾನದ ಬಗ್ಗೆ ಸಭೆಯಿತ್ತು. ಶಾಲೆಯಲ್ಲಿ ವಿಜ್ಞಾನ ಕಲಿಸುವವಳು, ಗಂಡನ ಅಂಗಗಳನ್ನು ಕೊಟ್ಟವಳು ಎಂದು ಪಾದ್ರಿಗಳು ನನ್ನನ್ನೇ ಮಾತಿಗೆ ಕರೆದರು. ನಾನು ಬಾಯಿ ತೆರೆಯುವ ಮೊದಲೇ ನಿಮ್ಮ ಅಮ್ಮಚ್ಚಿ ಎದ್ದು ನಿಂತರು.

"ನನ್ನ ಮಗನ ಎದೆ ಬೆಚ್ಚಗಿತ್ತು. ಬೆಚ್ಚಗಿದ್ದವನನ್ನ ಇವಳು ಕೊಯ್ಯೋಕೆ ಕೊಟ್ಲು!"

ನಾನು ಬಿಡಲಿಲ್ಲ. ನಿಮ್ಮ ಮಿದುಳು ಸತ್ತಿದೆಯೇ ಎಂದು ಡಾಕ್ಟರುಗಳು ಆರು ಗಂಟೆ ಬಿಟ್ಟು ಎರಡು ಸಲ ಪರೀಕ್ಷಿಸಿದ್ದು, ಉಸಿರಾಟದ ಯಂತ್ರವನ್ನು ಸ್ವಲ್ಪ ಹೊತ್ತು ತೆಗೆದು ಒಂದೇ ಒಂದು ಉಸಿರಿಗಾಗಿ ಕಾದದ್ದು, ಅದು ಬಾರದೇ ಹೋದದ್ದು, ಎಲ್ಲ ಹೇಳಿದೆ.

"ಅದೆಲ್ಲ ಪುಸ್ತಕದ ಮಾತು, ಏಲಿ. ಎದೆ ಮುಟ್ಟಿಕೊಂಡು ಹೇಳು. ಅವನು ಸತ್ತಿದ್ದಾನೆ ಅಂತ ನಿನಗೆ ಅನ್ನಿಸಿತ್ತಾ?"

ಸುಳ್ಳು ಹೇಳಬಹುದಿತ್ತು.

"ಇಲ್ಲ ಅಮ್ಮಚ್ಚಿ, ಅನ್ನಿಸಿರಲಿಲ್ಲ. ಅನ್ನಿಸೋವರೆಗೆ ಕಾದಿದ್ರೆ ಇವತ್ತಿಗೂ ಕಾಯ್ತಾ ಇರ್ತಿದ್ದೆ. ನನಗೆ ಅನ್ನಿಸಿದ್ದನ್ನ ಬದಿಗಿಟ್ಟು, ಪರೀಕ್ಷೆಯಲ್ಲಿ ಕಂಡಿದ್ದನ್ನ ನಂಬಿ ಸಹಿ ಹಾಕಿದೆ. ಅದರಿಂದ ಮೂರು ಜನ ಬದುಕಿದ್ದಾರೆ. ನಾಳೆ ಕೇಳಿದರೂ ಹಾಕ್ತೀನಿ."

ಅಮ್ಮಚ್ಚಿ ಕೊಡೆ ಎತ್ತಿಕೊಂಡು ಹೊರಟುಹೋದರು. ನಾನು ಹಿಂದೆ ಹೋಗಲಿಲ್ಲ. ಮಾತು ಮುಗಿಸಿಯೇ ವೇದಿಕೆಯಿಂದ ಇಳಿದೆ. ಹನ್ನೊಂದು ಮಂದಿ ಅಂಗದಾನದ ಅರ್ಜಿ ತುಂಬಿದರು.

ಅಲ್ಲಿ ಯಾರ ಮುಂದೆಯೂ ಆಡದ ಒಂದು ಮಾತು ನಿಮಗೆ ಹೇಳುತ್ತೇನೆ. ಸಹಿ ಹಾಕುವಾಗ ನನ್ನ ಎಡಗೈ ನಿಮ್ಮ ಕೈಯನ್ನು ಹಿಡಿದುಕೊಂಡಿತ್ತು. ಆಮೇಲೆ ನರ್ಸ್ ಬಂದು ಅದನ್ನು ಬಿಡಿಸಬೇಕಾಯಿತು.

ಏಲಿಯಮ್ಮ