ನೀಲಿ ದೀಪದ ಕೆಳಗೆ ನನ್ನ ಹತ್ತು ಬೆರಳು

ಯಲಹಂಕ ಹಳೇ ಊರಿನ ಕೆಳಮನೆಯ ಒಡತಿಯೂ, ರೂಬಿ ಎಂಬ ನಾಯಿಯ ಸಾಕುತಾಯಿಯೂ, ನನ್ನ ಬರಹಗಳ ಮೊದಲ ಶ್ರೋತೃವೂ ಕಟ್ಟಕಡೆಯ ನ್ಯಾಯಾಧೀಶರೂ ಆದ ಗೌರಮ್ಮನವರಿಗೆ, ಮೇಲ್ಮನೆಯ ಬಾಡಿಗೆದಾರ ವಿಜಯಕುಮಾರನ ಉದ್ದಂಡ ನಮಸ್ಕಾರ.

ಒಂದೇ ಬೆಂಚಿನ ಆ ತುದಿಯಲ್ಲಿ ನೀವು, ಈ ತುದಿಯಲ್ಲಿ ನಾನು, ನಡುವೆ ರೂಬಿಯ ಖಾಲಿ ಬೆಲ್ಟು. ಕೈ ಚಾಚಿದರೆ ಸಿಗುವವರಿಗೆ ಕಾಗದ ಬರೆಯುವುದು ವಿಚಿತ್ರವೇ. ಆದರೆ ಬಾಯಲ್ಲಿ ಹೇಳಲು ಧೈರ್ಯ ಬೇಕು, ಬರೆಯಲು ಪೆನ್ನಿದ್ದರೆ ಸಾಕು. ಹೆಬ್ಬಾಳದ ಈ ಪ್ರಾಣಿ ಆಸ್ಪತ್ರೆಯ ಮುಚ್ಚಿದ ಬಾಗಿಲಾಚೆ ಡಾಕ್ಟರ್ ರುಖ್ಸಾರ್ ಆಪರೇಷನ್ ಶುರುಮಾಡಿ ಇಪ್ಪತ್ತು ನಿಮಿಷವಾಯಿತು. ಇನ್ನೂ ಒಂದು ಗಂಟೆ ಬೇಕಂತೆ. ಆ ಬಾಗಿಲು ತೆರೆಯುವುದರೊಳಗೆ ನಾನು ತಪ್ಪೊಪ್ಪಿಕೊಂಡಿರಬೇಕು. ಆಮೇಲೆ ಒಪ್ಪಿಕೊಂಡರೆ, ಸುದ್ದಿ ಒಳ್ಳೆಯದಾದರೆ ಅದು ತಮಾಷೆಯಾಗಿಬಿಡುತ್ತದೆ. ಕೆಟ್ಟದಾದರೆ ಕೊಲೆಯಾಗುತ್ತದೆ.

ಕಣ್ಣಿನ ಪೊರೆ ತೆಗೆಸಿದ ಮೇಲೂ ಅಚ್ಚಿನ ಅಕ್ಷರಗಳು ನಿಮಗೆ ಇರುವೆ ಸಾಲಿನಂತೆ ಹರಿದಾಡುತ್ತವೆ. ಅದಕ್ಕೇ ಪ್ರತಿ ಭಾನುವಾರ ನನ್ನ ಅಂಕಣವನ್ನು ಪತ್ರಿಕೆಗೆ ಕಳಿಸುವ ಮುಂಚೆ ನಿಮಗೆ ಓದಿ ಹೇಳುತ್ತೇನೆ. ನೀವು ಅವರೆಕಾಯಿ ಸುಲಿಯುತ್ತಾ ಕೇಳಿ, “ಅಲ್ಲಿ ನಗು ಬರಾಕಿಲ್ಲ ಕಣಪ್ಪಾ, ತೆಗೆದಾಕು” ಎಂದು ತೀರ್ಪು ಕೊಡುತ್ತೀರಿ. ಹೋದ ದೀಪಾವಳಿಯಲ್ಲಿ ನಿಮ್ಮ ಮೇಲೇ ಬರೆದೆ. ಗೌರಮ್ಮನವರು ಬೆರಳು ಕುಯ್ದುಕೊಂಡರೂ ಅರಿಶಿನ, ಗಂಟಲು ಕಟ್ಟಿದರೂ ಅರಿಶಿನ, ಗೇಟು ಕಿರುಗುಟ್ಟಿದರೂ ಅರಿಶಿನವನ್ನೇ ಹಚ್ಚುತ್ತಾರೆ ಎಂದು. ಊರೆಲ್ಲ ನಕ್ಕಿತು. ನೀವೂ ನಕ್ಕು, “ಇರ್ಲಿ ಬುಡು, ನಿನ್ ಒಟ್ಟೆಪಾಡು” ಎಂದಿರಿ.

ರೂಬಿಯ ಮೈ ತೊಳೆಯುವಾಗ ಅವಳ ಹೊಟ್ಟೆಯಲ್ಲಿ ನಿಂಬೆಗಾತ್ರದ ಗಂಟು ನಿಮ್ಮ ಕೈಗೆ ಸಿಕ್ಕಿದ್ದು ಹೋದ ತಿಂಗಳು. ಡಾಕ್ಟರು ಆವತ್ತು ನಿಮಗೆ ತಾಳ್ಮೆಯಿಂದ ಬಿಡಿಸಿ ಹೇಳಿದರು. “ಗಡ್ಡೆಯೊಳಗಿನ ರಕ್ತನಾಳ ಹಳೇ ನಲ್ಲಿ ಥರ ಸೋರ್ತಾವೆ ಅಮ್ಮಾ. ನರಕ್ಕೆ ಒಂದು ಬಣ್ಣ ಕೊಡ್ತೀವಿ. ಬೇರೆ ಕಡೆಯಿಂದೆಲ್ಲ ಅದು ಹರಿದು ಹೋಗುತ್ತೆ, ಗಡ್ಡೇಲಿ ಮಾತ್ರ ನಿಂತ್ಕೊಳುತ್ತೆ. ಕತ್ತಲೇಲಿ ನೀಲಿ ದೀಪ ಹಿಡಿದ್ರೆ ಅಷ್ಟೂ ಹಸಿರಾಗಿ ಹೊಳೆಯುತ್ತೆ. ಎಲ್ಲೀವರೆಗೆ ಹೊಳೆಯುತ್ತೋ ಅಲ್ಲೀವರೆಗೆ ತೆಗೀತೀವಿ.”

“ಬದುಕಿರೋವಾಗ್ಲೇ ಒಳಗಿಂದೆಲ್ಲ ಕಾಣ್ತದಾ?” ಎಂದು ನೀವು ಕೇಳಿದಿರಿ.

“ಬದುಕಿದ್ರೇನೇ ಕಾಣೋದು. ರಕ್ತ ಓಡಾಡ್ಬೇಕಲ್ಲ.”

ಕೊನೆಗೆ ಒಂದು ಚೀಟಿ ಕೊಟ್ಟರು. ‘ಆಪರೇಷನ್ನಿಗೆ ಮುಂಚಿನ ಮೂರು ದಿನ ಚರ್ಮಕ್ಕೆ ಎಣ್ಣೆ, ಪುಡಿ, ಮುಲಾಮು ಯಾವುದನ್ನೂ ಹಚ್ಚಬಾರದು.’ ಅದನ್ನು ನಿಮಗೆ ಮೂರು ಸಲ ಓದಿ ಹೇಳಿದವನು ನಾನು. ಪುಡಿ ಎನ್ನುವಾಗ ದನಿ ಏರಿಸಿ, ಹುಬ್ಬು ಕುಣಿಸಿದವನೂ ನಾನೇ. ಈಗ ಅದೇ ಚೀಟಿಯ ಬೆನ್ನ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನೀವು ಪಾಲಿಸಿದಿರಿ. ಎಷ್ಟರಮಟ್ಟಿಗೆ ಎಂದರೆ ಮೂರು ದಿನ ನಿಮ್ಮ ಸಾರು ಬೆಳ್ಳಗಿತ್ತು. “ಏನ್ರೀ ಗೌರಮ್ಮ, ಸಾರಿಗೆ ಕಾಮಾಲೆ ವಾಸಿಯಾಯ್ತಾ?” ಎಂದು ಕಿಚಾಯಿಸಿದೆ. “ನನ್ ಕೈಗೆ ಅಂಟ್ಕಂಡು, ಅದರಿಂದ ಇವಳ ಮೈಗೆ ಮೆತ್ಕಂಡ್ರೆ? ಡಬ್ಬಾನೇ ಮುಟ್ಟಾಕಿಲ್ಲ, ಓಗಪ್ಪಾ” ಎಂದಿರಿ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಇವತ್ತು ಬೆಳಿಗ್ಗೆ ನೀವು ಸ್ನಾನಕ್ಕೆ ಹೋಗಿದ್ದಾಗ ರೂಬಿ ಮೆಟ್ಟಿಲ ಕೆಳಗೆ ಮಲಗಿ ಹೊಟ್ಟೆ ನೆಕ್ಕಿಕೊಳ್ಳುತ್ತಾ ನರಳಿದಳು. ಸಣ್ಣ ದನಿ. ನನ್ನನ್ನು ನೋಡಿ ಬಾಲ ಆಡಿಸಲು ಹೋಗಿ ಅರ್ಧಕ್ಕೇ ಬಿಟ್ಟಳು. ಗೌರಮ್ಮನವರೇ, ಆ ಅರ್ಧ ಬಾಲ ನನ್ನ ಓದು, ಬರಹ, ಮೂವತ್ತು ವರ್ಷದ ವಿಚಾರವಂತಿಕೆ ಎಲ್ಲವನ್ನೂ ಒಂದೇ ಏಟಿಗೆ ಗುಡಿಸಿಹಾಕಿತು. ಬಾಗಲಕೋಟೆಯಲ್ಲಿ ನಮ್ಮವ್ವ ನನ್ನ ಒಡೆದ ಮೊಣಕಾಲಿಗೆ ಏನು ಹಚ್ಚುತ್ತಿದ್ದಳೋ ಅದೊಂದೇ ನೆನಪಿಗೆ ಬಂತು. ನಿಮ್ಮ ಅಡುಗೆಮನೆಗೆ ನುಗ್ಗಿದೆ. ನೀವು ಮೂರು ದಿನದಿಂದ ಮುಟ್ಟದ ಡಬ್ಬಿ ತೆಗೆದೆ. ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಒಂದು ಗಂಟಿಗೆ ಯಾಕೆ, ಇಡೀ ಹೊಟ್ಟೆಗೇ ಬಳಿದೆ. ಸೋಪು ಹಾಕಿ ಕೈ ತೊಳೆದುಕೊಂಡು, ಏನೂ ಆಗದವನಂತೆ ಆಟೋ ಕರೆಯಲು ಹೋದೆ.

ರೂಬಿಯದು ಕೆಂಚು ಬಣ್ಣ. ಹಚ್ಚಿದ್ದು ಕಾಣಲಿಲ್ಲ. ಆ ಬಣ್ಣದ ಇಂಜೆಕ್ಷನ್ ಹೋದ ಮೇಲೆ ಚರ್ಮ ಹೇಗೂ ಒಂದಿಷ್ಟು ಹಳದಿಗೆ ತಿರುಗುತ್ತದಂತೆ. ಹಾಗಾಗಿ ಡಾಕ್ಟರಿಗೂ ಅನುಮಾನ ಬರಲಿಲ್ಲ. ಅರಿವಳಿಕೆಯ ಮತ್ತಿನಲ್ಲಿ ರೂಬಿ ಮಲಗಿದ್ದಳು. ನೀವು ತಲೆ ಹಿಡಿದಿದ್ದಿರಿ, ನಾನು ಹಿಂಗಾಲು. ಟೆಕ್ನಿಷಿಯನ್ ಜೀಷಾನ್ ಪರದೆ ಎಳೆದು, ನಮಗೂ ಹಳದಿ ಕನ್ನಡಕ ಹಾಕಿಸಿ, ನೀಲಿ ದೀಪ ಹೊತ್ತಿಸಿದ.

ನಿಂಬೆಗಾತ್ರದ ಒಂದು ಹೊಳಪನ್ನು ಕಾಯುತ್ತಿದ್ದೆವು. ಇಡೀ ಹೊಟ್ಟೆ ಹೊಳೆಯಿತು. ಎದೆಯವರೆಗೆ, ತೊಡೆಸಂದಿಯವರೆಗೆ, ನೆಕ್ಕಿಕೊಂಡ ಮೂತಿಯವರೆಗೆ ಹಸಿರು.

ಡಾಕ್ಟರು ದೀಪವನ್ನು ತಮ್ಮ ಕೈಗೆ ತೆಗೆದುಕೊಂಡು ಹೊಟ್ಟೆಯುದ್ದಕ್ಕೂ ಮತ್ತೊಮ್ಮೆ ಹಿಡಿದು ನೋಡಿದರು. ಆಮೇಲೆ, “ಗೌರಮ್ಮಾ, ಇದು ಚರ್ಮದ ತುಂಬ ಹರಡಿದಂಗಿದೆ. ಇಷ್ಟನ್ನೂ ತೆಗೆದ್ರೆ ಹೊಲಿಯೋಕೆ ಚರ್ಮನೇ ಉಳಿಯಲ್ಲ. ಎಬ್ಬಿಸಿ ಮನೆಗೆ ಕರ್ಕೊಂಡು ಹೋಗ್ತೀರಾ, ಇಲ್ಲಾ ನೋವಿಲ್ದಂಗೆ ನಿದ್ದೇಲೇ... ನೀವೇ ಹೇಳ್ಬೇಕು” ಎಂದರು. ಜೀಷಾನ್ ಒಪ್ಪಿಗೆ ಪತ್ರದ ಹಲಗೆಯನ್ನು ನಿಮ್ಮ ಮುಂದೆ ಹಿಡಿದ. ನೀವು ಪೆನ್ನು ತೆಗೆದುಕೊಂಡಿರಿ. “ಏನಪ್ಪಾ ಮಾಡ್ಲಿ ಕುಮಾರಾ?” ಎಂದು ನನ್ನನ್ನು ಕೇಳಿದಿರಿ.

ಅದೇ ಹೊತ್ತಿಗೆ ಡಾಕ್ಟರ ಕೈಯ ದೀಪ ಸ್ವಲ್ಪ ಈಚೆಗೆ ವಾಲಿತು. ನನ್ನ ಹತ್ತೂ ಬೆರಳಿನ ಉಗುರುಗಳು ಹಸಿರಾಗಿ ಉರಿದವು.

ಗೊತ್ತಾಯಿತು. ಒಂದೇ ಕ್ಷಣದಲ್ಲಿ ಎಲ್ಲ ಗೊತ್ತಾಯಿತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಮಾತಿನಿಂದಲೇ ಊಟ ಸಂಪಾದಿಸುವ ನಾನು ಏನು ಮಾಡಿದೆ? ಎರಡೂ ಕೈ ಪ್ಯಾಂಟಿನ ಜೇಬಿಗೆ ಇಳಿಸಿದೆ. ಊರಿಗೆಲ್ಲ ಅರಿಶಿನದ ಪಾಠ ಹೇಳಿದವನು ಅರಿಶಿನದಲ್ಲೇ ಸಿಕ್ಕಿಬಿದ್ದನೆಂದು ಜೀಷಾನ್ ನಗುತ್ತಾನಲ್ಲ ಎಂಬ ಯೋಚನೆ ಬಂತು ನನಗೆ. ರೂಬಿಯ ಜೀವ ಪೆನ್ನಿನ ತುದಿಯಲ್ಲಿದ್ದಾಗ, ಆ ಯೋಚನೆ!

ನೀವು ನನ್ನ ಜೇಬುಗಳನ್ನು ನೋಡಿದಿರಿ. ಪೆನ್ನು ಕೆಳಗಿಟ್ಟಿರಿ.

“ತಡೀರಿ ಡಾಕ್ಟ್ರಮ್ಮಾ. ಅರಿಸಿನ ಹಚ್ಚಿದ್ದೆ ನಾನು. ಬೈತೀರಾಂತ ಯೋಳ್ನಿಲ್ಲ.”

ಜೀಷಾನ್ ರೇಗಿದ. “ಅಜ್ಜೀ, ಬರೆದು ಕೊಟ್ಟಿದ್ವಲ್ವಾ! ಅರಿಶಿನ ಈ ಲೈಟಲ್ಲಿ ಹಿಂಗೇ ಹೊಳೆಯುತ್ತೆ ಕಣಮ್ಮಾ! ಇನ್ನೊಂದು ನಿಮಿಷ ಲೇಟಾಗಿದ್ರೆ ಏನ್ ಗತಿ?” ನೀವು ತಲೆ ತಗ್ಗಿಸಿ, “ತಪ್ಪಾಯ್ತಪ್ಪಾ” ಎಂದಿರಿ. ನಾನು ಆಗಲೂ ಬಾಯಿ ಬಿಡಲಿಲ್ಲ. ಸೋಪು ಹಾಕಿ, ಸ್ಪಿರಿಟ್ಟಿನಲ್ಲಿ ಒರೆಸಿ, ಮತ್ತೆ ದೀಪ ಹಿಡಿದರು. ಹೊಟ್ಟೆ ಆರಿಹೋಯಿತು. ಉಳಿದದ್ದು ಎರಡೇ ಹೊಳಪು. ಒಂದು ನಮಗೆ ಗೊತ್ತಿದ್ದ ಗಂಟು. ಇನ್ನೊಂದು ಅದರ ಪಕ್ಕ, ಯಾರ ಕೈಗೂ ಸಿಕ್ಕದ, ಸಾಸಿವೆಯಷ್ಟು ಚಿಕ್ಕದು. “ಇದನ್ನೇ ಹುಡುಕ್ತಿದ್ದಿದ್ದು” ಎಂದರು ಡಾಕ್ಟರು. ನಮ್ಮನ್ನು ಹೊರಗೆ ಕಳಿಸಿದರು.

ಇಷ್ಟು ಬರೆಯುವಷ್ಟರಲ್ಲಿ ಬಾಗಿಲು ತೆರೆದೇಬಿಟ್ಟಿತು. ಅಂದುಕೊಂಡ ಹೊತ್ತಿಗೆ ಮುಗಿಸಿ ಗೊತ್ತಿಲ್ಲ ನನಗೆ, ಸಂಪಾದಕರನ್ನು ಕೇಳಿ.

ಮುಂದಿನದು ನಿಮಗೂ ಗೊತ್ತು. ಡಾಕ್ಟರು, “ಎರಡೂ ತೆಗೆದ್ವಿ. ಸುತ್ತ ಎಲ್ಲಾ ಕತ್ತಲೆ” ಎಂದರು. ಕತ್ತಲೆ ಎಂದ ಕೂಡಲೆ ನೀವು ಗೋಡೆ ಹಿಡಿದುಕೊಂಡಿರಿ. ಜೀಷಾನ್ ಓಡಿ ಬಂದು ತೋಳು ಹಿಡಿದ. “ಅಯ್ಯೋ, ಕತ್ತಲಂದ್ರೆ ಒಳ್ಳೇದು ಅಜ್ಜೀ! ಹೊಳೆಯೋದು ಏನೂ ಉಳಿದಿಲ್ಲ ಅಂತ.” ನೀವು ಚಪ್ಪಲಿ ಬೆಂಚಿನ ಕೆಳಗೇ ಬಿಟ್ಟು ಒಳಗೆ ಓಡಿದಿರಿ. ಲ್ಯಾಬಿನ ರಿಪೋರ್ಟಿಗೆ ಹತ್ತು ದಿನ ಕಾಯಬೇಕು ಎಂದು ಡಾಕ್ಟರು ಹೇಳಿದ್ದು ನಿಮಗೆ ಕೇಳಿಸಿರಲಾರದು. ಅದನ್ನೂ ಈ ಕಾಗದದಲ್ಲೇ ಹೇಳಿದ್ದೇನೆ.

ನಿಮಗೆ ಗೊತ್ತಿಲ್ಲದ್ದು ಆಮೇಲಿನದು. ಬಾಗಿಲ ಸದ್ದಿಗೆ ಮತ್ತೆ ಜೇಬು ಸೇರಿದ್ದ ಕೈಗಳನ್ನು ನಾನು ಹೊರತೆಗೆದು ಡಾಕ್ಟರ ಮುಂದೆ ಚಾಚಿದೆ. “ಅರಿಶಿನ ಹಚ್ಚಿದ್ದು ಅವರಲ್ಲ, ನಾನು” ಎಂದೆ. ಅವರು ನಗಲಿಲ್ಲ, ಬೈಯಲೂ ಇಲ್ಲ.

“ದೀಪದ ಕೆಳಗೆ ಅವರ ಕೈ ಒಂಚೂರೂ ಹೊಳೀಲಿಲ್ಲ. ಅಡುಗೆ ಮಾಡೋ ಹೆಂಗಸಿನ ಕೈ ಅಷ್ಟು ಕಪ್ಪಗಿದ್ದಿದ್ದು ನಾನು ನೋಡೇ ಇಲ್ಲ. ಸುಳ್ಳು ಹೇಳ್ತಿದಾರೆ ಅಂತ ಆಗ್ಲೇ ಗೊತ್ತಾಯ್ತು. ಯಾರಿಗೋಸ್ಕರ ಅಂತ ಗೊತ್ತಿರ್ಲಿಲ್ಲ” ಎಂದರು.

ಗೌರಮ್ಮನವರೇ, ಈ ಕಾಗದವನ್ನು ನಿಮಗೆ ಓದಿ ಹೇಳಬೇಕಾದವನೂ ನಾನೇ. ಭಾನುವಾರ ಅಂಕಣದ ಬದಲು ಇದನ್ನೇ ಓದುತ್ತೇನೆ, ಜೀಷಾನನನ್ನೂ ಕರೆದು ಕೂರಿಸಿಕೊಂಡು. ನಗು ಬರದ ಜಾಗಗಳು ಇದರಲ್ಲಿ ಬಹಳ ಇವೆ. ತೆಗೆದುಹಾಕು ಎನ್ನಬೇಡಿ.

ರೂಬಿಯ ಹೊಲಿಗೆ ಬೇಗ ಕೂಡಿಕೊಳ್ಳಲಿ. ಹತ್ತು ದಿನದ ಮೇಲೆ ಬರುವ ಕಾಗದವೂ ಇವತ್ತಿನ ಕತ್ತಲೆಯಷ್ಟೇ ಒಳ್ಳೆಯದಾಗಿರಲಿ. ನಿಮ್ಮ ಸಾರಿಗೆ ಮತ್ತೆ ಬಣ್ಣ ಬರಲಿ.

ಎರಡೂ ಕೈ ಜೇಬಿನಿಂದಾಚೆ ಇಟ್ಟುಕೊಂಡು,
ನಿಮ್ಮ ಮೇಲ್ಮನೆಯ
ವಿಜಯಕುಮಾರ